ಪಡಿತರ, ಪಿಂಚಣಿ, ಕೂಲಿಯ ಸುದ್ದಿ ಮಾಡಿಕೊಂಡು ರೇಡಿಯೊದಲ್ಲಿ ಬದುಕಲು ಸಾಧ್ಯವೇ?

ಎಡದಂಡೆ:
ನಾನು ರಾಯಚೂರು ಜಿಲ್ಲೆಯವಳು. ಪತ್ರಿಕೋದ್ಯಮ ಓದಿ, ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಓದಿದಾಗ, ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಜಿಲ್ಲೆಯೂ ಸೇರಿದ ಅಂದಿನ ಗುಲ್ಬರ್ಗಾ ವಿಭಾಗದವು ಎಂಬ ಲೆಕ್ಕ ಬಹಳ ದಿನ ಕಾಡಿತು. ಆದರೆ ನನ್ನ ಅವ್ವ ಆ ವರದಿಯನ್ನು ಓದಲಾರಳು. ಅವಳಿಗೆ ಸುದ್ದಿಯೆಂದರೆ ಹೊಲದ ಬದುವಿನ ಮೇಲಿಟ್ಟ ರೇಡಿಯೊ. ಆರ್ಥಿಕ ಅಸಮಾನತೆಯನ್ನೇ ಕ್ಷೇತ್ರವಾಗಿಸಿಕೊಂಡ ರೇಡಿಯೊ ಪತ್ರಕರ್ತೆಗೆ ಕನ್ನಡದಲ್ಲಿ ಜಾಗವಿದೆಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೆಯ ಮೈಕು:
ಮೊದಲು ಕಹಿ ಮಾತನ್ನೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಹೆಚ್ಚೆಂದರೆ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಪ್ರಸಾರ ಮಾಡಬಹುದು. ಹಾಗಾಗಿ ಬಾಗಿಲು ಒಂದೇ, ಅಲ್ಲಿಯೂ ಕಾಯಂ ಹುದ್ದೆಗಳು ವಿರಳ. ಜಿಲ್ಲೆಗಳಲ್ಲಿ ಸುದ್ದಿ ಕಳಿಸುವವರು ಗುತ್ತಿಗೆಯ ಅರೆಕಾಲಿಕ ವರದಿಗಾರರು. ಆ ಸಂಭಾವನೆಯೊಂದನ್ನೇ ನಂಬಿ ಸಂಸಾರ ಹೂಡಬೇಡಿ. ಅಸಮಾನತೆಯ ವರದಿಗೆಂದು ಯಾರನ್ನೂ ನೇಮಿಸುವುದಿಲ್ಲ. ಮಂತ್ರಿಗಳ ಪ್ರಗತಿ ಪರಿಶೀಲನಾ ಸಭೆಯ ಸುದ್ದಿಯ ಸಂದಿಯಲ್ಲಿ ಅದನ್ನು ನೀವೇ ತೂರಿಸಬೇಕು.

ಹೇಗೆಂದು ಒಂದು ಉದಾಹರಣೆ ಕೊಡುತ್ತೇನೆ. 2023ರ ಜುಲೈಯಲ್ಲಿ, ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯನ್ನು ಹೊಂದಿಸಲಾಗದೆ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿದಾಗ, ನಾನು ರೆಕಾರ್ಡರ್ ಹಿಡಿದು ನ್ಯಾಯಬೆಲೆ ಅಂಗಡಿಯೊಂದರ ಸಾಲಿನಲ್ಲಿ ನಿಂತೆ. ಗಾರೆ ಕೆಲಸದಲ್ಲಿ ಬೆರಳಿನ ಗೆರೆ ಸವೆದುಹೋಗಿದ್ದ ಹೆಣ್ಣುಮಗಳೊಬ್ಬಳು ಯಂತ್ರಕ್ಕೆ ಹೆಬ್ಬೆಟ್ಟು ಒತ್ತುವಳು, ಬರಲಿಲ್ಲವೆಂದು ಸೆರಗಿಗೆ ಒರೆಸುವಳು, ಎಣ್ಣೆ ಹಚ್ಚಿದ ತಲೆಗೂದಲಿಗೆ ಉಜ್ಜಿ ಮತ್ತೆ ಒತ್ತುವಳು. ನಾಲ್ಕನೆಯ ಸಲಕ್ಕೆ ಯಂತ್ರ ಕೀಂಯ್ ಎಂದಾಗ ಸಾಲಿಗೆ ಸಾಲೇ "ಬಂತು, ಬಂತು" ಎಂದಿತು. ದುಡ್ಡಿನ ಬಗ್ಗೆ ಕೇಳಿದೆ. ಕಾರ್ಡಿನಲ್ಲಿ ಯಜಮಾನಿ ಅತ್ತೆಯಾದ್ದರಿಂದ ಮನೆಯ ಐವರ ದುಡ್ಡೂ ಅತ್ತೆಯ ಖಾತೆಗೆ ಬೀಳುತ್ತದೆ, ಅದರಲ್ಲಿ ತನ್ನ ಪಾಲಿಗೆ ಅಕ್ಕಿಯೂ ಇಲ್ಲ, ರೊಕ್ಕವೂ ಇಲ್ಲ ಎಂದಳು.

ವಾರ್ತೆಯಲ್ಲಿ ಇದಕ್ಕೆ ಸಿಕ್ಕಿದ್ದು 40 ಸೆಕೆಂಡು. ಆ ಧ್ವನಿಮುದ್ರಣ ಪೂರ್ತಿಯಾಗಿ ಹೋದದ್ದು ಮಹಿಳೆಯರ ಕಾರ್ಯಕ್ರಮದಲ್ಲಿ. ಸುದ್ದಿ ವಿಭಾಗದವರು ಮಹಿಳಾ, ಕೃಷಿ ಕಾರ್ಯಕ್ರಮಗಳನ್ನು ಕಡೆಗಣಿಸುತ್ತಾರೆ (ನಾನೂ ಮೊದಲು ಹಾಗೆಯೇ ಇದ್ದೆ). ನಿಮಗೆ ಬೇಕಾದ ಸಮಯ ಇರುವುದು ಅಲ್ಲಿಯೇ.

ಬಂಗಾರಪೇಟೆಯಿಂದ:
ಬಾಗಿಲು ಒಂದೇ ಎಂಬ ಮಾತಿಗೆ ನನ್ನ ತಕರಾರಿದೆ. ನಮ್ಮ ತಾಲ್ಲೂಕಿನ ಬೂದಿಕೋಟೆಯಲ್ಲಿ, ಹಳ್ಳಿಯ ಸಂಘಗಳಿಗೆ ರೇಡಿಯೊ ಪರವಾನಗಿ ಸಿಗದ ಕಾಲದಲ್ಲಿಯೇ, "ನಮ್ಮ ಧ್ವನಿ"ಯವರು ಟಿವಿ ಕೇಬಲ್ಲಿನ ಮೂಲಕ ಮನೆಮನೆಗೆ ಧ್ವನಿ ಕಾರ್ಯಕ್ರಮ ಮುಟ್ಟಿಸಿದರು. ಊರಿನವರಿಗಾಗಿ ಊರಿನವರೇ ನಡೆಸುವ ಸಮುದಾಯ ಬಾನುಲಿಯನ್ನು ಸ್ವಯಂಸೇವಾ ಸಂಸ್ಥೆಗಳಿಗೆ ತೆರೆದದ್ದು 2006ರಲ್ಲಿ. ನೂರು ವಾಟಿನ ಪ್ರಸಾರ ಕೆಲವೇ ಊರುಗಳನ್ನು ಮುಟ್ಟುತ್ತದೆ, ಸ್ವಂತ ಸುದ್ದಿಗೆ ಇಲ್ಲಿಯೂ ನಿಷೇಧವಿದೆ. ಆದರೆ ವಿಧವಾ ವೇತನದ ಅರ್ಜಿ ಎಲ್ಲಿ ನಿಂತಿದೆ ಎಂಬುದನ್ನು "ಮಾಹಿತಿ" ಎಂದು ಕರೆದು ಅರ್ಧ ಗಂಟೆ ಮಾತನಾಡಿದರೆ ಯಾರೂ ಬೇಡವೆನ್ನುವುದಿಲ್ಲ. ಸಂಬಳ ಮಾತ್ರ ಯೋಜನೆಯ ಹಣ ಇರುವವರೆಗೆ.

ಕೇಳುಗ:
ಇದನ್ನೇ ಬದುಕಿಡೀ ಮಾಡಿದವರ ಮಾದರಿ ಬೇಕಾದರೆ ಷಿಕಾಗೋದ ಸ್ಟಡ್ಸ್ ಟರ್ಕಲ್ ಅವರನ್ನು ಗಮನಿಸಿ. ಕಾನೂನು ಓದಿಯೂ ವಕೀಲಿ ಮಾಡದ ಅವರು, ಎಡಪಂಥೀಯರೆಂಬ ಕಾರಣಕ್ಕೆ ಟಿವಿಯ ಬಾಗಿಲು ಮುಚ್ಚಿದ ಮೇಲೆ, 1952ರಿಂದ 1997ರವರೆಗೆ ಡಬ್ಲ್ಯುಎಫ್‌ಎಂಟಿ ಎಂಬ ಒಂದೇ ಕೇಂದ್ರದಲ್ಲಿದ್ದು, ಪ್ರಸಿದ್ಧರ ಜೊತೆಗೆ ಕೂಲಿಕಾರರನ್ನೂ ಮಾತನಾಡಿಸಿದರು. ಬಡವರ ಸರ್ಕಾರಿ ವಸತಿಯಲ್ಲಿದ್ದ ತಾಯಿಯೊಬ್ಬಳಿಗೆ ಅವಳದೇ ಧ್ವನಿಯನ್ನು ಕೇಳಿಸಿದಾಗ, ತನ್ನೊಳಗೆ ಹೀಗೆಲ್ಲ ಅನ್ನಿಸುತ್ತಿತ್ತೆಂದು ತನಗೇ ತಿಳಿದಿರಲಿಲ್ಲ ಎಂದು ಅವಳು ಬೆರಗಾದಳಂತೆ. ಆದರೆ ಅವರಿಗೆ ದಿನವೂ ಒಂದು ಗಂಟೆ ಬಿಟ್ಟುಕೊಟ್ಟ ಕೇಂದ್ರವಿತ್ತು. ನಮ್ಮಲ್ಲಿ ಇಲ್ಲದ್ದು ಆ ಒಂದು ಗಂಟೆ.

ಎಡದಂಡೆ:
ಎಲ್ಲರಿಗೂ ವಂದನೆಗಳು. ಹಳೆಯ ಮೈಕು ಅವರೇ, ಆ ಗಾರೆ ಕೆಲಸದವರ ಬಳಿಗೆ ತಾವು ಮತ್ತೆ ಹೋಗಿದ್ದಿರಾ?

ಹಳೆಯ ಮೈಕು:
ಹೋಗಿದ್ದೆ, 2025ರಲ್ಲಿ, ಸರ್ಕಾರ ದುಡ್ಡಿನ ಬದಲು ಅಕ್ಕಿಯನ್ನೇ ಕೊಡಲು ಆರಂಭಿಸಿದ ಮೇಲೆ. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ, ಕೈಯಲ್ಲಿ ರೆಕಾರ್ಡರ್ ಇರಲಿಲ್ಲ. ಅಕ್ಕಿಯಾದರೆ ಅತ್ತೆಯೂ ತಾನೂ ಒಂದೇ ಗಡಿಗೆಯಿಂದ ಉಣ್ಣುತ್ತೇವೆ ಎಂದಳು. ಹೆಬ್ಬೆಟ್ಟಿನ ತೊಂದರೆ ಮಾತ್ರ ಹಾಗೆಯೇ ಇತ್ತು.