ಕವಲೇದುರ್ಗ ಊರಿನವರ ಗುಂಪು: ಭಾನುವಾರದ ಕಾರುಗಳ ವಿಷಯ, ಎಲ್ರೂ ಓದಿ

ಮೇಲಿನಮನೆ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ. ನಿನ್ನೆ ಬೆಳಿಗ್ಗೆ ಅಮ್ಮಂಗೆ ಎದೆ ಹಿಡ್ಕೊಂಡ ಹಾಗಾಯ್ತು, ಜೀಪ್ ತೆಗೆದು ತೀರ್ಥಹಳ್ಳಿಗೆ ಹೊರಟ್ರೆ ಗದ್ದೆ ಪಕ್ಕದ ತಿರುವಲ್ಲಿ ಎರಡೂ ಕಡೆ ಕೋಟೆ ನೋಡೋಕೆ ಬಂದೋರ ಕಾರು ಸಾಲಾಗಿ, ಅದ್ರಲ್ಲಿ ಒಂದು ಅರ್ಧ ರಸ್ತೆಗೆ ಬಂದು ನಿಂತಿದೆ, ಹಾರ್ನ್ ಹೊಡೆದ್ರೆ ಯಾರಿಗೆ ಕೇಳುತ್ತೆ, ಅದರವರು ಕೋಟೆ ಹತ್ತಿದ್ರು. ನಮ್ಮ ಹುಡುಗ ಮಳೇಲಿ ಓಡಿಹೋಗಿ ಎರಡನೇ ಬಾಗಿಲ ಹತ್ರ ಅವ್ರನ್ನ ಹುಡುಕಿ ಕರ್ಕೊಂಡು ಬರೋ ಹೊತ್ತಿಗೆ ನಲವತ್ತು ನಿಮಿಷ. ಅಮ್ಮ ಈಗ ಆರಾಮಿದಾರೆ, ಗ್ಯಾಸ್ಟ್ರಿಕ್ ಅಂದ್ರು ಡಾಕ್ಟ್ರು. ಆದ್ರೆ ಅಷ್ಟು ಹೊತ್ತು ಹಿಂದಿನ ಸೀಟಲ್ಲಿ ಅವರ ಕೈ ಹಿಡ್ಕೊಂಡು ಕೂತಿದ್ದೆನಲ್ಲ, ಆ ಕೈ ತಣ್ಣಗಿತ್ತು.

ಕಾರಿನವರು ಕೆಟ್ಟೋರಲ್ಲ. ಕೈ ಮುಗಿದ್ರು, "ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳೋರು ಯಾರೂ ಇರ್ಲಿಲ್ಲ ಸರ್" ಅಂದ್ರು. ಅದು ನಿಜ. ನಮ್ಮೂರಲ್ಲಿ ಯಾರೂ ನಿಂತು ಹೇಳ್ತಾ ಇಲ್ಲ. ಅದಕ್ಕೆ ನನ್ನ ಮಾತು ಇಷ್ಟೇ, ಕಾರು ಊರಿನ ಆಚೆಗೇ ನಿಲ್ಲಬೇಕು, ಅಲ್ಲಿಂದ ನಡ್ಕೊಂಡು ಬರ್ಲಿ. ಭಾನುವಾರ ನಮ್ಮಲ್ಲೇ ಇಬ್ರು ಅಲ್ಲಿ ನಿಲ್ಲೋಣ. ಏನಂತೀರಿ?

ಕೆಳಗಿನಮನೆ:
ಅಮ್ಮ ಹುಷಾರಾಗಿದ್ದು ಕೇಳಿ ಸಮಾಧಾನ ಆಯ್ತು ಅಣ್ಣ. ನಮ್ದೂ ಹೇಳ್ತೀನಿ. ಕೋಟೆಗೆ ಹೋಗೋ ದಾರಿ ನಮ್ಮ ಗದ್ದೆ ಅಂಚಿನ ಮೇಲೇ ಅಲ್ವಾ, ದಾರಿಗೆ ಅಡ್ಡ ಹಾಕಿರೋ ಬಿದಿರಿನ ಉಣುಗೋಲು ಸರಿಸಿ ಒಳಗೆ ಬರ್ತಾರೆ ಹಾಗೇ ಬಿಟ್ಟು ಹೋಗ್ತಾರೆ, ಹೋದ ವಾರ ದನ ನುಗ್ಗಿ ಭತ್ತದ ಸಸಿ ಬೆಳೆಸೋ ಅಗೇಡಿ ಅರ್ಧ ಮೇಯ್ದು ಹಾಕಿದ್ವು. ಈಗ ನೆಟ್ಟಿಗೆ ಸಸಿ ಸಾಲದೆ ನೆಂಟರ ಮನೆಯಿಂದ ತಂದಿದೀವಿ. ಅವ್ರಿಗೆ ಉಣುಗೋಲು ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಬಿದ್ದಿರೋ ಬಿದಿರು ಅನ್ಕೊಂಡಿರ್ತಾರೆ.

ಹೊಳೆಬದಿ:
ಬಂದ್ ಮಾಡ್ಸಿ ಅಂತೀನಿ ನಾನು. ಮಳೆಗಾಲ ಮೂರು ತಿಂಗಳು ಯಾರೂ ಬರೋದು ಬೇಡ. ಕಲ್ಲೆಲ್ಲ ಪಾಚಿ, ಜಾರಿ ಬಿದ್ರೆ ಹೊತ್ಕೊಂಡು ಇಳಿಯೋರು ನಾವೇ ಅಲ್ವಾ.

ಅಂಗಡಿ:
ಬಂದ್ ಅಂದ್ರೆ ನಮ್ಮ ಹೊಟ್ಟೆ ಪಾಡು? ಕೋಪ ಮಾಡ್ಕೋಬೇಡಿ, ವಾರ ಪೂರ್ತಿ ವ್ಯಾಪಾರ ಇಲ್ಲ, ಶನಿವಾರ ಭಾನುವಾರ ಮಜ್ಜಿಗೆ ಮಂಡಕ್ಕಿ ಮಾರಿದ್ರಲ್ಲೇ ಮಗಳ ಹಾಸ್ಟೆಲ್ ಫೀಸು. ಬಾಟಲಿ ಪ್ಲಾಸ್ಟಿಕ್ ವಾಪಸ್ ತಂದ್ರೆ ನನ್ನ ಅಂಗಡಿ ಮುಂದೆ ಡ್ರಮ್ ಇಡ್ತೀನಿ, ಖಾಲಿ ಮಾಡೋ ಕೆಲ್ಸ ನಂದು.

ಮೇಷ್ಟ್ರ ಮನೆ:
ಬಂದ್ ಬೇಡ ಅನ್ನೋದು ನನ್ನ ಅಭಿಪ್ರಾಯವೂ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ ಶಿವಾಜಿ ಮಗ ರಾಜಾರಾಮಂಗೆ ಆಶ್ರಯ ಕೊಟ್ಟಿದ್ದು ನಮ್ಮ ಕೆಳದಿ ರಾಣಿ ಚೆನ್ನಮ್ಮಾಜಿ. ಅಂಥವರ ಕೋಟೆ ಇದು, ಬಂದವರಿಗೆ ಬಾಗಿಲು ಹಾಕೋದು ನಮಗೆ ಶೋಭೆ ಅಲ್ಲ. ಆದ್ರೆ ಒಂದು ಗಮನಿಸಿ, ಕೋಟೆ ಮೂರು ಸುತ್ತು, ಪ್ರತಿ ಹೆಬ್ಬಾಗಿಲ ಪಕ್ಕಕ್ಕೂ ಕಾವಲಿನವರ ಕೋಣೆ ಇದೆ, ಇವತ್ತೂ ನಿಂತಿದೆ. ಕೆಳದಿಯ ವೆಂಕಟಪ್ಪ ನಾಯಕರು ಭುವನಗಿರಿ ಅಂತ ಕಟ್ಟಿಸಿದ ಕಾಲದಲ್ಲಿ ಯಾರು ಬಂದ್ರು ಯಾರು ಹೋದ್ರು ಅಂತ ಕೇಳೋರಿದ್ರು. 1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರು ತಗೊಂಡ ಮೇಲೆ ಸಂಸ್ಥಾನ ಹೋಯ್ತು. ಒಂದು ಕಾಲಕ್ಕೆ ನಮ್ಮ ತಾಲ್ಲೂಕಿನ ಹೆಸರೇ ಕವಲೇದುರ್ಗ, ಈಗ ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆ ನಾವು. ಕಾವಲು ಇಲ್ಲದಿರೋದೇ ತೊಂದರೆ, ಜನ ಬರೋದಲ್ಲ.

ಹೊಳೆಬದಿ:
ಸರಿ ಮೇಷ್ಟ್ರೇ, ನಿಮ್ಮ ಮಾತಿಗೆ ಒಪ್ತೀನಿ. ಆದ್ರೆ ಕಾವಲು ಅಂದ್ರೆ ಒಂದು ವಾರ ನಿಂತು ಆಮೇಲೆ ಬಿಡೋದಲ್ಲ.

ಕೊನೆಮನೆ ಹುಡುಗ:
ನಾನು ನಿನ್ನೆ ಸಂಜೆ ಮೇಲೆ ಹೋಗಿದ್ದೆ, ಫೋಟೋ ಹಾಕ್ತೀನಿ ನೋಡಿ. ಅರಮನೆ ಜಾಗದಲ್ಲಿ ಐದು ಪಾತ್ರೆ ಇಡೋ ಕಲ್ಲಿನ ಒಲೆ ಇದೆಯಲ್ಲ, ಅದ್ರಲ್ಲಿ ಯಾರೋ ನಿಜವಾಗ್ಲೂ ಬೆಂಕಿ ಹಾಕಿ ನೂಡಲ್ಸ್ ಬೇಯಿಸಿದಾರೆ. ಒಲೆ ಬಾಯಿ ಪೂರ್ತಿ ಕಪ್ಪು, ಒಳಗೆ ಅರ್ಧ ಸುಟ್ಟ ಪ್ಯಾಕೆಟ್, ಒದ್ದೆ ಬೂದಿ. ಕೈಯಿಂದ ಬೂದಿ ತೆಗೆದೆ, ಮಸಿ ಹೋಗ್ಲಿಲ್ಲ. ತಿಕ್ಕಬೇಕು ಅನ್ಸ್ತು, ಆದ್ರೆ ಬ್ರಷ್ ಹಾಕಿದ್ರೆ ಕಲ್ಲಿಗೆ ಏನಾದ್ರೂ ಆಗುತ್ತೇನೋ ಅಂತ ಬಿಟ್ಟೆ. ನಂಗೆ ತುಂಬಾ ಸಂಕಟ ಆಯ್ತು, ಚಿಕ್ಕೋನಿದ್ದಾಗ ಅಜ್ಜಿ ಜೊತೆ ಹೋದಾಗೆಲ್ಲ ಅವ್ರು ಆ ಒಲೆ ಮುಂದೆ ಕೂತು ಎಷ್ಟು ಜನಕ್ಕೆ ಅಡಿಗೆ ಮಾಡ್ತಿದ್ರೋ ಅಂತಿದ್ರು.

ಮೇಷ್ಟ್ರ ಮನೆ:
ತಿಕ್ಕದೇ ಇದ್ದಿದ್ದು ಒಳ್ಳೇದಾಯ್ತು ಮರಿ. ಫೋಟೋ ತಾರೀಕು ಸಮೇತ ಇಟ್ಕೋ, ಪುರಾತತ್ವ ಇಲಾಖೆಗೆ ಬರೆಯೋಣ, ಶುಚಿ ಮಾಡೋದು ತಿಳಿದವರ ಕೆಲಸ.

ಬೆಂಗಳೂರಿಂದ:
ನಾನು ಅಲ್ಲಿಲ್ಲ, ಹೇಳೋಕೆ ಸಂಕೋಚ, ಆದ್ರೂ ಅರ್ಜಿ ಟೈಪ್ ಮಾಡಿ ಕಳಿಸ್ತೀನಿ. ಆರು ತಿಂಗಳಿಗೊಮ್ಮೆಯಾದ್ರೂ ಗ್ರಾಮಸಭೆ ಆಗ್ಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ, ಅಲ್ಲಿ ನಿರ್ಣಯ ಬರೆಸಿ ಪುಸ್ತಕದಲ್ಲಿ ಸೇರಿಸಿದ್ರೆ ಮುಂದೆ ಬೋರ್ಡಿಗೆ, ಪಾರ್ಕಿಂಗಿಗೆ ಕೇಳೋಕೆ ಆಧಾರ ಆಗುತ್ತೆ. ಮನೆಗೊಂದು ಸಹಿ ಹಾಕ್ಸಿ. ಮ್ಯಾಪಲ್ಲಿ ಪಾರ್ಕಿಂಗ್ ಜಾಗ ನಾನೇ ಸೇರಿಸ್ತೀನಿ, ಎಲ್ಲಿ ಅಂತ ಹೇಳಿ.

ಬ್ಯಾಣದ ಮೇಲಿನವರು:
ರಸ್ತೆ ಪಕ್ಕ ನಮ್ಮ ಬ್ಯಾಣ, ಆ ಹುಲ್ಲಿನ ಜಾಗ, ಖಾಲಿ ಇದೆ. ಮುರಕಲ್ಲಿನ ನೆಲ, ಮಳೇಲೂ ಚಕ್ರ ಹೂತುಹೋಗಲ್ಲ. ಈ ವರ್ಷ ಅಲ್ಲಿ ನಿಲ್ಲಿಸ್ಲಿ, ದುಡ್ಡು ಬೇಡ.

ಅಂಗಡಿ:
ಕಾರಿಗೆ ಮೂವತ್ತು ರೂಪಾಯಿ ತಗೊಂಡ್ರೆ ನಿಲ್ಲೋ ಹುಡುಗ್ರಿಗೆ ಸಂಬಳ ಆಗುತ್ತಲ್ಲ?

ಮೇಲಿನಮನೆ:
ಈಗಲೇ ಬೇಡ. ರಸೀದಿ ಇಲ್ದೆ ದುಡ್ಡು ಮುಟ್ಟಿದ್ರೆ ನಾಳೆ ಊರಿನವರು ವಸೂಲಿ ಮಾಡ್ತಾರೆ ಅಂತ ಹೆಸರು ಬರುತ್ತೆ. ಪಂಚಾಯ್ತಿ ಬರೆದು ಕೊಟ್ಟ ಮೇಲೆ ನೋಡೋಣ. ಬ್ಯಾಣ ಕೊಟ್ಟಿದ್ದಕ್ಕೆ ನಿಮಗೆ ಕೈ ಮುಗೀತೀನಿ.

ಹಾಗಾದ್ರೆ ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ ಬ್ಯಾಣದ ಹತ್ರ ನಾನು ಮತ್ತೆ ಕೊನೆಮನೆ ಹುಡುಗ, ಮಧ್ಯಾಹ್ನ ಒಂದರಿಂದ ಹೊಳೆಬದಿಯವ್ರು ಬರ್ತೀರಾ? ಗಲಾಟೆ ಬೇಡ, ಗದರಿಸೋದು ಬೇಡ, ಜಾಗ ತೋರಿಸಿ, ಮೇಲೆ ಬೆಂಕಿ ಹಾಕ್ಬೇಡಿ ಅಂತ ಹೇಳಿ, ಉಣುಗೋಲು ತೆಗೆದವರೇ ಹಾಕ್ಬೇಕು ಅಂತ ಕೈಯಲ್ಲೇ ತೋರಿಸಿ. ಸಹಿ ಹಾಳೆ ಮೇಷ್ಟ್ರ ಮನೇಲಿ ಇರುತ್ತೆ.

ಹೊಳೆಬದಿ:
ಬರ್ತೀನಿ. ಕಂಬಳಿ ಕೊಪ್ಪೆ ಹಾಕ್ಕೊಂಡು ಕತ್ತಲಾಗೋ ತನಕ ನಿಲ್ತೀನಿ, ಮುಂದಿನ ವಾರನೂ ನಂದೇ.

ಕೆಳಗಿನಮನೆ:
ಬೆಳಿಗ್ಗೆ ನಿಲ್ಲೋರಿಗೆ ಕಡುಬು ಕಳಿಸ್ತೀನಿ. ಉಣುಗೋಲಿಗೆ ಹೊಸ ಬಿದಿರು ಶನಿವಾರ ಕಡಿಸ್ತಾ ಇದೀವಿ, ಹಾಕೋಕೆ ಒಬ್ರು ಬನ್ನಿ.