ಪದ ಬೇಕು: 'ಗ್ರಾಫಿಕ್ಸ್ ಟ್ಯಾಬ್ಲೆಟ್', 'ರೀಟಚಿಂಗ್' (ಬ್ಯಾನರ್ ನಾಳೆ ಅಚ್ಚಿಗೆ)

ಹಾಸನದಿಂದ, ಪ್ರಶ್ನೆ

ಗೆಳೆಯರೇ, ಅವಸರದ ಪ್ರಶ್ನೆ. ಸ್ಟುಡಿಯೊ ನಡೆಸುವವರಿಗಾಗಿ ನಮ್ಮೂರಲ್ಲಿ ಎರಡು ದಿನದ ತರಬೇತಿ ಇದೆ. ಫೋಟೊ ರೀಟಚಿಂಗ್‌ಗೆ ಎಂಥ ಗ್ರಾಫಿಕ್ಸ್ ಟ್ಯಾಬ್ಲೆಟ್ ಕೊಳ್ಳಬೇಕು ಅನ್ನುವುದೇ ಮೊದಲ ಪಾಠ. ಅದರ ಆರು ಪುಟದ ಕೈಪಿಡಿಯನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಬ್ಯಾನರ್ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು.

ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಲದಾ ಅಂತ ಕೇಳುತ್ತೀರಿ. ಕಳೆದ ಸಲ ಹಾಗೇ ಬರೆದಿದ್ದೆ. ಮೂವರು ಸಿನಿಮಾ ನೋಡುವ ಟ್ಯಾಬ್ ಹಿಡಿದುಕೊಂಡು ಬಂದರು. ಅವರಲ್ಲಿ ಒಬ್ಬ ಹುಡುಗ ತರಬೇತಿಗೆಂದೇ ಸಾಲ ಮಾಡಿ ಹೊಸದು ಕೊಂಡಿದ್ದ. ಅದು ಬೆರಳಿನಲ್ಲಿ ಮುಟ್ಟುವ ಟ್ಯಾಬ್. ಪೆನ್ನನ್ನು ಎಷ್ಟು ಒತ್ತಿದರೆಂದು ಅದಕ್ಕೆ ತಿಳಿಯುವುದಿಲ್ಲ. ಅವನ ದುಡ್ಡು ನನ್ನ ಒಂದು ಪದದಿಂದ ಹೋಯಿತು. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ನನಗೆ ಬೇಕಾದದ್ದು ಮೂರು:
ಒಂದು, ಕಂಪ್ಯೂಟರಿಗೆ ಜೋಡಿಸುವ, ಪರದೆಯಿಲ್ಲದ, ಪೆನ್ನು ಆಡಿಸುವ ಆ ಚಪ್ಪಟೆ ಸಾಧನಕ್ಕೆ ಹೆಸರು. ಪರದೆ ಇರುವ ದುಬಾರಿ ಜಾತಿಯೂ ಇದೆ. ಎರಡೂ ಬೇರೆ ಬೇರೆ ಅಂತ ಹೆಸರಿನಲ್ಲೇ ಗೊತ್ತಾಗಬೇಕು.
ಎರಡು, ರೀಟಚಿಂಗ್. ಫೋಟೊದಲ್ಲಿನ ಕಲೆ, ಸುಕ್ಕು ಮರೆಮಾಡಿ ಚೆಂದ ಮಾಡುವ ಕೆಲಸ.
ಮೂರು, ಪೆನ್ ಪ್ರೆಶರ್. 'ಒತ್ತಡ' ಅಂತ ಬರೆದಿದ್ದೆ. ಓದಿದವರೆಲ್ಲ ಕೆಲಸದ ಒತ್ತಡ ಅಂತಲೇ ತಿಳಿದರು.

ಮೈಸೂರಿನಿಂದ

ರೇಖಾಫಲಕ. ಸಂಸ್ಕರಣ. ಪೀಡನ. ಇದರಲ್ಲಿ ಚರ್ಚೆಗೆ ಏನಿದೆ?

ಹಾಸನದಿಂದ

ಸರ್, 'ಫಲಕ' ಅಂದರೆ ನಮ್ಮ ಜನಕ್ಕೆ ನಾಮಫಲಕ, ಸೂಚನಾ ಫಲಕ. ಗೋಡೆಗೆ ನೇತು ಹಾಕುವಂಥದ್ದು. 'ಪೀಡನ' ಅಂತ ಬ್ಯಾನರಿನಲ್ಲಿ ಬರೆಯಲು ನನಗೆ ಧೈರ್ಯ ಸಾಲದು. 'ಹಲಗೆ' ಹೇಗೆ?

ಮೈಸೂರಿನಿಂದ

ಫಲಕ ಬೇಡ, ಹಲಗೆ ಬೇಕು! ಹಲಗೆ ಎಲ್ಲಿಂದ ಬಂತು ಮೇಡಂ? ಫಲಕ, ಪಲಗೆ, ಹಲಗೆ. ತದ್ಭವ ಪ್ರಕರಣ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಯಿಯನ್ನು ಹೊರಗೆ ನಿಲ್ಲಿಸಿ ಮಗಳನ್ನು ಒಳಗೆ ಕರೆದಂತಾಯಿತು.

ಧಾರವಾಡದಿಂದ

ತಮಿಳಿನಲ್ಲಿ ಪಲಗೈ ಇದೆ. ಕನ್ನಡದ್ದೂ ತಮಿಳಿನದ್ದೂ ಒಟ್ಟಿಗೇ ಸಂಸ್ಕೃತದಿಂದ ಇಳಿದವು ಅನ್ನುವುದಕ್ಕಿಂತ, ಸಂಸ್ಕೃತವೇ ಇಲ್ಲಿಂದ ಎತ್ತಿಕೊಂಡಿರಬಾರದು ಯಾಕೆ? ಇದು ಇನ್ನೂ ಇತ್ಯರ್ಥವಾಗದ ಮಾತು. ಇತ್ಯರ್ಥವಾದಂತೆ ಬರೆಯಬೇಡ್ರಿ.

ಅದಿರಲಿ. ಹಲಗೆ ಬರೆಯುವ ಸಾಧನವಾಗಿ ನಮ್ಮಲ್ಲಿ ಹಳೆಯದು. ಕುಮಾರವ್ಯಾಸ 'ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ' ಅಂತಾನೆ. ಹಲಗೆ, ಬಳಪ ಎರಡೂ ಜೋಡಿಯಾಗಿ ಕರಡು ಬರೆಯುವ ಸಾಧನಗಳು, ತಾನು ಅವನ್ನು ಹಿಡಿಯುವುದೇ ಇಲ್ಲ ಅನ್ನುವುದು ಅವನ ಹೆಮ್ಮೆ. ಬರೆದು, ಅಳಿಸಿ, ಮತ್ತೆ ಬರೆಯುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಯಾವುದಿದೆ?

ಆದರೂ ನನ್ನ ಮತ 'ಪಾಟಿ'ಗೆ. ನಮ್ಮ ಕಡೆ ಸ್ಲೇಟಿಗೆ ಪಾಟಿ ಅಂತಾರೆ. ಮಕ್ಕಳು ಪಾಟಿಚೀಲ ಹೊತ್ತು ಸಾಲಿಗೆ ಹೋಗ್ತಾರೆ. ಚಿಕ್ಕದು, ಚಪ್ಪಟೆ, ತೊಡೆಯ ಮೇಲೆ ಇಟ್ಟುಕೊಂಡು ಬರೆಯೋದು. ಎಲ್ಲ ಲಕ್ಷಣವೂ ಹೊಂದುತ್ತದೆ.

ಮೈಸೂರಿನಿಂದ

ಪಾಟಿ ಮರಾಠಿ. ತುಂಗಭದ್ರೆಯ ಈಚೆಗೆ ಯಾರಿಗೂ ಅರ್ಥವಾಗದು. ತೆಗೆದುಹಾಕಿ.

ಧಾರವಾಡದಿಂದ

ನಿಮಗೆ ಅರ್ಥವಾಗದ್ದೆಲ್ಲ ಕನ್ನಡ ಅಲ್ಲ ಅಂತಾದರೆ ನಾವು ಎಲ್ಲಿಗೆ ಹೋಗೋಣ? ಕಾಗದ, ಶಾಯಿ ಪಾರಸಿಯಿಂದ ಬಂದವು. ದೌತಿ, ಕಲಮು ಅರಬ್ಬಿಯವು. ಬರಹದ ಸಾಮಾನೆಲ್ಲ ಹೊರಗಿನ ಹೆಸರು ಹೊತ್ತೇ ನಮ್ಮ ಮನೆಗೆ ಬಂದವು. ಅವನ್ನು ಬರೆದವರ ಕನ್ನಡ ಕೆಡಲಿಲ್ಲ. ಮೈಸೂರಿನ ಮಾತಷ್ಟೇ ಕನ್ನಡ ಅನ್ನುವುದನ್ನು ಇಷ್ಟು ವರ್ಷ ಕೇಳಿದ್ದು ಸಾಕು.

ತುಮಕೂರಿನಿಂದ

ನಾನು ಭಾಷೆ ಓದಿದವನಲ್ಲ. ನಮ್ಮದು ಅಪ್ಪನ ಕಾಲದ ಸ್ಟುಡಿಯೊ. ಕೆಲಸದ ಮಾತು ಹೇಳುತ್ತೇನೆ.

ರೀಟಚಿಂಗ್ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಕಪ್ಪು ಬಿಳುಪಿನ ಕಾಲದಲ್ಲಿ ಅಪ್ಪ ನೆಗೆಟಿವ್ ಮೇಲೆ ಸೀಸದಕಡ್ಡಿ ಆಡಿಸುತ್ತಿದ್ದರು. ಕಡ್ಡಿಯ ಮೊನೆಯನ್ನು ಸೂಜಿಯಂತೆ ಉದ್ದಕ್ಕೆ ಮಸೆಯಬೇಕು. ನೆಗೆಟಿವ್ ಹಿಂದಿನಿಂದ ಬೆಳಕು ಬರಬೇಕು. ಮುಖದ ಸುಕ್ಕು, ಮೊಡವೆಯ ಗುರುತು ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತವೆ. ಅಲ್ಲಿ ಸೀಸ ತುಂಬಿದರೆ ಅಚ್ಚಿನಲ್ಲಿ ಆ ಜಾಗ ಬೆಳ್ಳಗಾಗಿ ಸುಕ್ಕು ಮರೆಯಾಗುತ್ತದೆ. ಜಾಸ್ತಿ ಹೊಳೆಯುವ ಹಣೆಯನ್ನು ಸಣ್ಣ ಚಾಕುವಿನಲ್ಲಿ ಕೆರೆದು ತಗ್ಗಿಸಬೇಕು. ಅಚ್ಚಿನ ಮೇಲೆ ಉಳಿದ ಧೂಳಿನ ಬಿಳಿ ಚುಕ್ಕೆಗಳನ್ನು ಕುಂಚದಿಂದ ಮುಚ್ಚಬೇಕು. ಇಷ್ಟಕ್ಕೂ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪದ, 'ಟಚಿಂಗ್'. 'ಅಪ್ಪ ಟಚಿಂಗಿಗೆ ಕೂತಿದ್ದಾರೆ, ಮಾತಾಡಿಸಬೇಡ' ಅಂತ ಅಮ್ಮ ಹೇಳುತ್ತಿದ್ದರು. ನಮಗೆ ಅದು ಕನ್ನಡವೇ.

ಹೊಸ ಸಾಧನದ ಬಗ್ಗೆ ಎರಡು ಮಾತು. ಮೌಸಿಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲು ತಿಳಿಯಬೇಕು. ಮೌಸನ್ನು ಎತ್ತಿ ಎಲ್ಲಿ ಇಟ್ಟರೂ ಬಾಣ ಇದ್ದಲ್ಲೇ ಇರುತ್ತದೆ. ಇದರಲ್ಲಿ ಹಾಗಲ್ಲ. ಇದರ ಮೇಲಿನ ಎಡ ಮೂಲೆಯಲ್ಲಿ ಪೆನ್ನು ಇಟ್ಟರೆ ಬಾಣ ಪರದೆಯ ಮೇಲಿನ ಎಡ ಮೂಲೆಗೇ ಹೋಗುತ್ತದೆ. ಇಡೀ ಪರದೆಯನ್ನು ಕೈಕೆಳಗೆ ಹಾಸಿದ ಹಾಗೆ. ಕಣ್ಣು ಪರದೆಯ ಮೇಲೆ, ಕೈ ಕೆಳಗೆ. ಒಂದು ವಾರ ತಡಕಾಡಿದ ಮೇಲೆ ಕೈ ತಾನಾಗಿ ಕೂರುತ್ತದೆ.

ಅಳತೆ ನೋಡಿ ಕೊಳ್ಳಬೇಕು. ವಾಕಾಮ್ ಕಂಪನಿಯ ಇಂಟ್ಯೂಸ್‌ನಲ್ಲಿ ಚಿಕ್ಕದರ ಕೆಲಸದ ಜಾಗ 152 × 95 ಮಿ.ಮೀ., ಮಧ್ಯಮದ್ದು 216 × 135 ಮಿ.ಮೀ. ಚಿಕ್ಕದರಲ್ಲಿ ಎಲ್ಲ ಕೆಲಸ ಮಣಿಕಟ್ಟಿನದೇ, ಸಂಜೆಗೆ ನೋವು. ದಿನವಿಡೀ ಟಚಿಂಗ್ ಮಾಡುವವರು ಮಧ್ಯಮದ್ದು ಕೊಳ್ಳಲಿ. ಇವೆರಡೂ 16:10 ಆಕಾರ, ನಮ್ಮ ಮಾನಿಟರ್‌ಗಳು ಹೆಚ್ಚಾಗಿ 16:9. ಹೊಂದಿಸದೆ ಬಿಟ್ಟರೆ ದುಂಡಗೆ ಗೀಚಿದ್ದು ಮೊಟ್ಟೆಯಾಗುತ್ತದೆ. ಸೆಟ್ಟಿಂಗಿನಲ್ಲಿ ಆಕಾರ ಸರಿಪಡಿಸಿಕೊಂಡರೆ ಒಂದು ಬೆರಳಗಲ ಜಾಗ ಕೆಲಸಕ್ಕಿಲ್ಲ ಆಗುತ್ತದೆ, ಅಷ್ಟೇ. ಒತ್ತು 4096 ಹಂತವೋ 8192 ಹಂತವೋ ಅಂತ ಅಂಗಡಿಯವರು ದೊಡ್ಡದಾಗಿ ಹೇಳುತ್ತಾರೆ. ನನ್ನ ಕೈಗೆ ಆ ವ್ಯತ್ಯಾಸ ಇದುವರೆಗೂ ತಿಳಿದಿಲ್ಲ. ಆ ದುಡ್ಡನ್ನು ದೊಡ್ಡ ಅಳತೆಗೆ ಹಾಕಿ. ಬ್ಯಾಟರಿ ಬೇಡದ ಪೆನ್ನು, ಬದಲಿ ಮೊನೆ ಸುಲಭವಾಗಿ ಸಿಗುವಂಥದ್ದು, ಇವೆರಡನ್ನು ಕೇಳಿ ಕೊಳ್ಳಿ.

ಹಾಸನದಿಂದ

ಸರ್, ನಿಮ್ಮ ಪತ್ರ ಕೈಪಿಡಿಗಿಂತ ಚೆನ್ನಾಗಿದೆ. 'ಒತ್ತು' ಅಂತ ಸಹಜವಾಗಿ ಬರೆದಿದ್ದೀರಿ. ಮೂರನೆಯ ಪದ ಸಿಕ್ಕಿಬಿಟ್ಟಿತು. 'ಪೆನ್ನಿನ ಒತ್ತು' ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ರೀಟಚಿಂಗಿಗೆ 'ಫೋಟೊ ತಿದ್ದುಪಡಿ' ಅಂತ ಬರೆಯಲಾ?

ಪುತ್ತೂರಿನಿಂದ

ದಯವಿಟ್ಟು ಬೇಡ ಮೇಡಂ. ತಿದ್ದುಪಡಿಯನ್ನು ಸರ್ಕಾರಿ ಕಚೇರಿ ತನ್ನದಾಗಿಸಿಕೊಂಡಿದೆ. ಸಂವಿಧಾನ ತಿದ್ದುಪಡಿ, ಪಹಣಿ ತಿದ್ದುಪಡಿ, ಆಧಾರ್ ತಿದ್ದುಪಡಿ. 'ಫೋಟೊ ತಿದ್ದುಪಡಿ' ಅಂತ ಬ್ಯಾನರ್ ಕಟ್ಟಿದರೆ ಗುರುತಿನ ಚೀಟಿಯ ಫೋಟೊ ಬದಲಾಯಿಸಲು ಜನ ಸಾಲು ನಿಲ್ಲುತ್ತಾರೆ.

ಮೈಸೂರಿನಿಂದ

ಈಗ ಮಾತಾಡಿದ್ದು ಸರಿ. ಆದರೆ ಧಾತು ಬಿಡಬೇಡಿ. ಹಳಗನ್ನಡದ 'ತಿರ್ದು' ನಮ್ಮ 'ತಿದ್ದು'. ಇರ್ದು ಹೋಗಿ ಇದ್ದು ಆಯಿತಲ್ಲ, ಅದೇ ದಾರಿ. ತಮಿಳಿನಲ್ಲಿ ತಿರುತ್ತು, ತೆಲುಗಿನಲ್ಲಿ ದಿದ್ದು. ಇದಕ್ಕೆ ಎರಡು ಮುಖ. ತಪ್ಪು ಸರಿಮಾಡುವುದು ಒಂದು. ಮಗು ಅಕ್ಷರದ ಮೇಲೆ ಮತ್ತೆ ಮತ್ತೆ ಕೈಯಾಡಿಸುವುದು ಇನ್ನೊಂದು. ಅಕ್ಷರ ತಿದ್ದು ಅನ್ನುತ್ತೇವೆ, ಮೀಸೆ ತಿದ್ದು ಅನ್ನುತ್ತೇವೆ. ಇರುವ ಗೆರೆಯ ಮೇಲೆಯೇ ಕೈಯಾಡಿಸಿ ಚೆಂದ ಮಾಡುವುದು. ತುಮಕೂರಿನವರ ತಂದೆ ನೆಗೆಟಿವ್ ಮೇಲೆ ಮಾಡಿದ್ದು ಇದನ್ನೇ. 'ಸಂಸ್ಕರಣ'ವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. 'ಫೋಟೊ ತಿದ್ದುವುದು' ಅಂತ ಬರೆಯಿರಿ.

ಧಾರವಾಡದಿಂದ

'ತೀಡು' ಇನ್ನೂ ಮೆತ್ತಗೆ. ಕಾಡಿಗೆ ತೀಡು, ಹುಬ್ಬು ತೀಡು. 'ತಿದ್ದಿದ ಫೋಟೊ' ಅಂದರೆ ಮೋಸದ ವಾಸನೆ ಬರೋದಿಲ್ಲವೇ?

ಪುತ್ತೂರಿನಿಂದ

ಮೋಸದ ಫೋಟೊಗೆ ಪತ್ರಿಕೆಗಳು 'ತಿರುಚಿದ' ಅಂತ ಬರೆಯುತ್ತವೆ. ತಿದ್ದುವುದು ಬೇರೆ, ತಿರುಚುವುದು ಬೇರೆ. ಹಾಗಾಗಿ ಭಯ ಬೇಡ. ತೀಡುವುದು ಒಂದೇ ಕಡೆಗೆ ಸವರುವ ಕೆಲಸ. ಕೂದಲಿನ ಎಳೆ ಎಳೆ ಬಿಡಿಸುವುದು, ಕಲೆ ಮುಚ್ಚುವುದು ಅದರಲ್ಲಿ ಸೇರುವುದಿಲ್ಲ.

ಮೊದಲನೆಯ ಪದಕ್ಕೆ ನನ್ನದೊಂದು ಸಲಹೆ: ಮಣೆ. ಕೀಬೋರ್ಡಿಗೆ 'ಕೀಲಿಮಣೆ' ಆಗಲೇ ನಿಂತಿದೆ. ಅದೇ ಮೇಜಿನ ಮೇಲೆ ಅದರ ಪಕ್ಕದಲ್ಲೇ ಇದೂ ಕೂರುತ್ತದೆ. ಮಣೆ ಅಂದರೆ ಬರೀ ಕೂರುವ ಹಲಗೆ ಅಲ್ಲ. ತುರಿಮಣೆ, ಈಳಿಗೆಮಣೆ, ಚಪಾತಿ ಮಣೆ, ನಮ್ಮ ಕಡೆಯ ಚೆನ್ನೆಮಣೆ. ಎಲ್ಲವೂ ಮೇಲೆ ಕೈಯಾಡಿಸಿ ಕೆಲಸ ಮಾಡುವ ಸಾಮಾನುಗಳು. ಹಲಗೆ ಸುಮ್ನೆ ಬಿದ್ದಿರಬಹುದು. ಮಣೆಗೆ ಒಂದು ಕೆಲಸ ಇದ್ದೇ ಇರುತ್ತದೆ. ಪಾಟಿಯಲ್ಲೂ ಹಲಗೆಯಲ್ಲೂ ಬರೆದದ್ದು ಅದರ ಮೇಲೆಯೇ ಮೂಡುತ್ತದೆ. ಈ ಸಾಧನದ ಮೇಲೆ ಏನೂ ಮೂಡುವುದಿಲ್ಲ ಅಲ್ವಾ? ಆದ್ದರಿಂದ 'ಪೆನ್ ಮಣೆ'. ಪರದೆ ಇರುವ ಜಾತಿಗೆ 'ಪರದೆ ಮಣೆ'.

ಮೈಸೂರಿನಿಂದ

ಅರಿಸಮಾಸ. ಹೊರಗಿನ ಪದಕ್ಕೆ ಕನ್ನಡ ಪದ ಕೂಡಿಸಿದ ಸಮಾಸ. ಒಪ್ಪುವುದಿಲ್ಲ.

ಪುತ್ತೂರಿನಿಂದ

ಮಳೆ ಕನ್ನಡ, ಕಾಲ ಸಂಸ್ಕೃತ. ಮಳೆಗಾಲವೂ ಅರಿಸಮಾಸವೇ ಸರ್. ಪ್ರತಿ ವರ್ಷ ಬರುತ್ತಿದೆ. ಬಸ್ ನಿಲ್ದಾಣಕ್ಕೆ ಏನು ಮಾಡೋಣ? ಬಿರುದುಗಳಿಗೂ ಹಿಂದಿನ ಕವಿಗಳ ಬಳಕೆಗೂ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಅರಿಸಮಾಸ ತಪ್ಪೆಂದು ಬಗೆದದ್ದು ಕಾವ್ಯದ ಕಿವಿಗಾಗಿ. ಅಂಗಡಿಯಲ್ಲಿ ಸಾಮಾನು ಕೇಳುವವರ ಬಾಯಿಗೆ ಆ ಬೇಲಿ ಹಾಕುವುದು ಸರಿಯಲ್ಲ.

ಮೈಸೂರಿನಿಂದ

ಬೇಲಿ ಇಲ್ಲದ ಹೊಲದಲ್ಲಿ ಏನು ಉಳಿಯುತ್ತದೆ ಅಂತ ನೀವೇ ನೋಡಿ. ಮಳೆಗಾಲಕ್ಕೆ ಸಾವಿರ ವರ್ಷದ ಬಳಕೆ ಬೆನ್ನಿಗಿದೆ. ನಿನ್ನೆ ಹುಟ್ಟಿದ ಪದಕ್ಕೆ ಆ ಸಲುಗೆ ಯಾಕೆ? ಪೆನ್ನನ್ನು ಬಿಡಲಾಗದಿದ್ದರೆ 'ಲೇಖನಿ' ಅನ್ನಿ. ಅದೂ ಬೇಡವಾದರೆ 'ತಿದ್ದುಮಣೆ' ಅನ್ನಿ. ತಿದ್ದು ಕನ್ನಡದ ಧಾತು, ಮಣೆ ದೇಶ್ಯ, ಅಂದರೆ ಅಚ್ಚಗನ್ನಡ. ಕೂಡಿಸಲು ಯಾವ ಅಡ್ಡಿಯೂ ಇಲ್ಲ.

ತುಮಕೂರಿನಿಂದ

ಸರ್, ಒಂದು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಿಂತು 'ತಿದ್ದುಮಣೆ ಕೊಡಿ' ಅಂದರೆ ಹುಡುಗ ಮುಖ ನೋಡುತ್ತಾನೆ. 'ಪೆನ್' ಅನ್ನುವ ಒಂದು ಶಬ್ದ ಕಿವಿಗೆ ಬಿದ್ದರೆ 'ಪೆನ್ ಟ್ಯಾಬ್ಲೆಟ್ಟಾ?' ಅಂತ ಅವನೇ ಕೇಳುತ್ತಾನೆ. ಪೆಟ್ಟಿಗೆಯ ಮೇಲೂ ಅದೇ ಬರೆದಿರುತ್ತದೆ. ಕೊಳ್ಳುವವರು ಹಳ್ಳಿಯಿಂದ ಬಸ್ಸು ಹಿಡಿದು ಬರುವವರು. ತಪ್ಪು ತಗೊಂಡು ಹೋದರೆ ವಾಪಸ್ ಬರೋದು ಇನ್ನೊಂದು ದಿನದ ಕೂಲಿ.

ಹಾಸನದಿಂದ

ನನಗೆ ಈ ಮಾತೇ ಮುಖ್ಯವಾಯಿತು. ಆ ಹುಡುಗ ಈ ಸಲವೂ ಬರುತ್ತಿದ್ದಾನೆ. ಅವನು ಓದಿ, ಅಂಗಡಿಗೆ ಹೋಗಿ, ಸರಿಯಾದದ್ದನ್ನೇ ತರುವಂತಿರಬೇಕು.

ಬ್ಯಾನರಿನಲ್ಲಿ ಹೀಗೆ ಹಾಕುತ್ತಿದ್ದೇನೆ: 'ಫೋಟೊ ತಿದ್ದಲು ಯಾವ ಪೆನ್ ಮಣೆ ಕೊಳ್ಳಬೇಕು?' ಕೆಳಗೆ ಚಿಕ್ಕದಾಗಿ: 'ಅಂಗಡಿಯಲ್ಲಿ ಪೆನ್ ಟ್ಯಾಬ್ಲೆಟ್ ಎಂದು ಕೇಳಿ. ಮೊಬೈಲಿನಂಥ ಟ್ಯಾಬ್ ಬೇಡ.' ಪಕ್ಕದಲ್ಲಿ ಪೆನ್ ಮಣೆಯ ಒಂದು ಚಿತ್ರ. ಕೈಪಿಡಿಯ ಒಳಗೆ ಪೆನ್ನಿನ ಒತ್ತು, ಪರದೆ ಮಣೆ, ಕೆಲಸದ ಜಾಗ, ಬದಲಿ ಮೊನೆ. ರೀಟಚಿಂಗ್ ಅಂತ ಬರುವ ಕಡೆಯೆಲ್ಲ 'ತಿದ್ದುವುದು'. ಸ್ಟುಡಿಯೊದವರ ಮಾತನ್ನು ಹೇಳುವ ಕಡೆ 'ಟಚಿಂಗ್' ಹಾಗೇ ಉಳಿಸುತ್ತೇನೆ. ಪಾಟಿಯನ್ನು ಬಳಸಲಾಗಲಿಲ್ಲ, ಧಾರವಾಡದ ಸರ್ ಬೇಸರ ಮಾಡಿಕೊಳ್ಳಬಾರದು. ಈಗ ಅಚ್ಚಿನವರಿಗೆ ಕಳಿಸುತ್ತಿದ್ದೇನೆ.

ಮೈಸೂರಿನಿಂದ

'ತಿದ್ದಲು' ಉಳಿಯಿತಲ್ಲ, ಅಷ್ಟು ಸಾಕು. ಅರಿಸಮಾಸದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಅದನ್ನು ಬೇರೆ ವಿಷಯವಾಗಿ ತೆರೆಯುತ್ತೇನೆ.

ಧಾರವಾಡದಿಂದ

ತೆರೀರಿ. ಪಾಟಿಯನ್ನೂ ಅಲ್ಲೇ ತರ್ತೀನಿ.