ಅಪ್‌ಡೇಟ್: ಓವನ್ ಇಲ್ಲದ ಬೆರ್ರಿ ಕ್ರೀಮ್ ಡೆಸರ್ಟ್ ಕೊನೆಗೂ ನಿಂತಿತು

ಬೇಸಿಗೆ ಕೂಟಕ್ಕೆ ಓವನ್ ಬಳಸದೆ ಬೆರ್ರಿ ಡೆಸರ್ಟ್ ಮಾಡಬೇಕು, ಟೇಬಲ್ ಮೇಲಿಟ್ಟ ತಕ್ಷಣ ನೀರಾಗಬಾರದು, ಏನು ಮಾಡಲಿ ಅಂತ ಕೇಳಿದ್ದೆ. ಗಟ್ಟಿಯಾಗಿಸಲು ಜೆಲಟಿನ್ (ಪ್ರಾಣಿಮೂಲದ್ದು) ಅಂತ ಕೆಲವರು, ಅಗರ್ ಅಗರ್ (ಕಡಲಪಾಚಿಯಿಂದ ತೆಗೆದದ್ದು) ಅಂತ ಕೆಲವರು ಹೇಳಿದ್ದಿರಿ. ನಾನು ಅಗರ್ ಆರಿಸಿದೆ. ಜೆಲಟಿನ್ ಸುಮಾರು 35 ಡಿಗ್ರಿಯಲ್ಲೇ ಕರಗುತ್ತದೆ, ಅಗರ್‌ಗೆ 85 ಡಿಗ್ರಿ ಹತ್ತಿರ ಬೇಕು. ಬಿಸಿಲಿಗೆ ಯಾವುದು ಸರಿ ಅಂತ ಇನ್ನು ಹೇಳಬೇಕಾ?

ಅಗರ್ ಹಾಕಿದ್ದು ಬೆರ್ರಿ ಪದರಕ್ಕೆ ಮಾತ್ರ. ತಣ್ಣನೆಯ ಕ್ರೀಮಿಗೆ ಸುರಿದರೆ ಅಲ್ಲೇ ಗಂಟು ಕಟ್ಟುತ್ತದೆ. ಹೆಚ್ಚಿದ ಸ್ಟ್ರಾಬೆರಿಗೆ ಸಕ್ಕರೆ ಬೆರೆಸಿ ಅರ್ಧ ಗಂಟೆ ಬಿಟ್ಟೆ. ಕೆಂಪಗೆ ರಸ ಬಿಟ್ಟುಕೊಂಡಿತು. ಆ ರಸ ಸೋಸಿ, ಅಗರ್ ಪುಡಿ ಹಾಕಿ ಎರಡು ನಿಮಿಷ ಕುದಿಸಿ, ಹಣ್ಣಿಗೆ ವಾಪಸ್ ಸುರಿದೆ. ರಸ ಅಡಿಯಲ್ಲಿ ಹಾಕಿದ್ದ ಬಿಸ್ಕತ್ತಿಗೆ ಇಳಿದು ಮೆತ್ತಗಾಗುವ ತಲೆನೋವು ಇದರಿಂದಲೇ ತಪ್ಪಿತು.

ಕ್ರೀಮ್ ವಿಷಯದಲ್ಲಿ ನಿಮ್ಮೆಲ್ಲರ ಮಾತು ಒಂದೇ ಆಗಿತ್ತು: ಬಟ್ಟಲು, ಬೀಟರ್, ಕ್ರೀಮ್ ಎಲ್ಲವೂ ತಣ್ಣಗಿರಲಿ. ಕೊಬ್ಬು 35% ಇರುವ ಕ್ರೀಮ್ ತಂದೆ. ಬೀಟರ್ ಎತ್ತಿದಾಗ ತುದಿ ಬಾಗದೆ ನಿಂತಿತು, ಅಲ್ಲಿಗೇ ನಿಲ್ಲಿಸಿದೆ. ಇನ್ನೂ ಜಾಸ್ತಿ ಕಡೆದರೆ ಬೆಣ್ಣೆಯೇ ಗತಿ ಅಲ್ವಾ! ಕ್ರೀಮ್ ಚೀಸ್ ಬೇರೆಯಾಗಿ ನುಣ್ಣಗೆ ಮಾಡಿಕೊಂಡು, ಕ್ರೀಮನ್ನು ಚಮಚದಲ್ಲಿ ಮೆಲ್ಲಗೆ ಮಡಚಿ ಸೇರಿಸಿದೆ.

ರಾತ್ರಿಯಿಡೀ ಫ್ರಿಜ್. ಚಿಕ್ಕ ಗ್ಲಾಸುಗಳಲ್ಲಿ ಹಾಕಿದ್ದರಿಂದ ಕತ್ತರಿಸುವ ಗೋಜೂ ಇರಲಿಲ್ಲ. ಎರಡು ಕಂತಿನಲ್ಲಿ ಹೊರತೆಗೆದೆ, ಯಾಕೆಂದರೆ 32 ಡಿಗ್ರಿ ದಾಟಿದ ಸೆಕೆಯಲ್ಲಿ ಹಾಲಿನ ಪದಾರ್ಥ ಒಂದು ಗಂಟೆಗಿಂತ ಹೊರಗಿರಬಾರದು. ಫ್ರೋಜನ್ ಬೆರ್ರಿ ನಡೆಯುತ್ತಾ ಅಂತ ಒಬ್ಬರು ಕೇಳಿದ್ದರು: ನಡೆಯುತ್ತದೆ, ಪೂರ್ತಿ ಕರಗಿಸಿ ನೀರು ಬಸಿದುಕೊಳ್ಳಿ.